ಅಂಡಮಾನ್‌ಗೆ ಹೊರಟಿದ್ದೀರಾ? ಚೀಲಕ್ಕಿಂತ ಮೊದಲು ಪಟ್ಟಿ ಹಗುರ ಮಾಡಿ

ಪ್ರತಿ ವರ್ಷ ಮೇ ತಿಂಗಳ ಮೂರನೇ ವಾರದ ಹೊತ್ತಿಗೆ ನಮ್ಮೂರುಗಳ ಅರಳಿಕಟ್ಟೆಯಲ್ಲಿ ಅಂಡಮಾನ್ ಹೆಸರು ಒಮ್ಮೆಯಾದರೂ ಬಂದೇ ಬರುತ್ತದೆ. ‘ಮುಂಗಾರು ಅಂಡಮಾನ್‌ಗೆ ಬಂತಂತೆ’ ಎಂದು ಒಬ್ಬರು ಅಂದರೆ, ‘ಹಂಗಾದ್ರೆ ಕೇರಳಕ್ಕೆ ಇನ್ನು ಹತ್ತು ದಿನ’ ಎಂದು ಇನ್ನೊಬ್ಬರು ಲೆಕ್ಕ ಹಾಕುತ್ತಾರೆ. ಮಳೆ ಸುದ್ದಿಯಲ್ಲಿ ಮಾತ್ರ ಕೇಳುತ್ತಿದ್ದ ಆ ಹೆಸರು ಈಗ ವಾಟ್ಸಾಪ್‌ನಲ್ಲಿ ಬೇರೆ ವೇಷದಲ್ಲಿ ಬರುತ್ತಿದೆ. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ. ಕೆಳಗೆ ಕೆಂಪು ಅಕ್ಷರದಲ್ಲಿ ‘5 ರಾತ್ರಿ 6 ದಿನ, ವಿಮಾನ, ಊಟ, ತಿಂಡಿ ಎಲ್ಲಾ ಸೇರಿ’.

ಧರ್ಮಸ್ಥಳ, ತಿರುಪತಿ, ಮಂತ್ರಾಲಯ, ಆಮೇಲೆ ಕಾಶಿ ಎಲ್ಲ ಆದ ಮೇಲೆ ಈಗ ಮಹಿಳಾ ಸಂಘಗಳಲ್ಲಿ, ಡೇರಿ ಕಟ್ಟೆಗಳಲ್ಲಿ, ನಿವೃತ್ತ ಮೇಷ್ಟ್ರುಗಳ ಗುಂಪಿನಲ್ಲಿ ‘ಒಮ್ಮೆ ವಿಮಾನ ಹತ್ತೋಣ, ಸಮುದ್ರ ದಾಟೋಣ’ ಎಂಬ ಮಾತು ಶುರುವಾಗಿದೆ. ನಮಗೆ ಇದು ಖುಷಿಯ ವಿಷಯ. ‘ಹಳ್ಳಿಯವರಿಗೆ ಯಾಕೆ ಇದೆಲ್ಲ’ ಎನ್ನುವವರ ಜೊತೆ ನಾವಿಲ್ಲ. ನಲವತ್ತು ವರ್ಷ ಬೆಳಗಾಗೆದ್ದು ಹಾಲು ಕರೆದವರು ಆರು ದಿನ ಸಮುದ್ರ ನೋಡಿಕೊಂಡು ಕೂತರೆ ಲೋಕ ಮುಳುಗುವುದಿಲ್ಲ.

ನಮ್ಮ ತಕರಾರು ಆ ಕೆಂಪು ಅಕ್ಷರದ ಪಟ್ಟಿಯ ಮೇಲೆ. ಚೀಟಿ ಹಾಕಿ, ಅಡಿಕೆ ಮಾರಿ, ಕುರಿ ಮಾರಿ ಕೂಡಿಸಿದ ದುಡ್ಡಿನಲ್ಲಿ ಬಹುಶಃ ಒಮ್ಮೆ ಮಾತ್ರ ಆಗುವ ಪ್ರವಾಸ ಇದು. ಆ ಆರು ದಿನ ಹೇಗೆ ಕಳೆಯಬೇಕು ಎಂಬುದನ್ನು, ನಿಮ್ಮ ಮುಖವನ್ನೇ ನೋಡದ ಏಜೆಂಟ್ ಒಬ್ಬರು ಮೊದಲೇ ಅಚ್ಚು ಹಾಕಿಸಿಟ್ಟಿರುತ್ತಾರೆ. ಎಷ್ಟು ಜಾಗದ ಹೆಸರಿದೆ ಎಂದು ಎಣಿಸಿ, ಜಾಸ್ತಿ ಇರುವ ಪಟ್ಟಿಯನ್ನೇ ನಾವು ಆರಿಸುತ್ತೇವೆ. ದ್ವೀಪದ ಪ್ರವಾಸ ಕೆಡುವುದು ಅಲ್ಲೇ. ಪಟ್ಟಿ ಅರ್ಧಕ್ಕಿಳಿಸಿ, ಆಮೇಲೆ ಚೀಲ ತುಂಬಿ. ನಾವು ಹೇಳಬೇಕಾದದ್ದು ಇಷ್ಟೇ. ಯಾಕೆ ಎಂದು ಕೇಳಿ.

ಮೊದಲು ಯಾವಾಗ ಹೋಗಬೇಕು ಎಂಬುದು. ಶಾಲೆಗೆ ರಜೆ ಎಂದು ಮೇ ತಿಂಗಳಿಗೆ ಟಿಕೆಟ್ ಮಾಡಿಸುವವರಿದ್ದಾರೆ. ಮುಂಗಾರು ದೇಶದಲ್ಲಿ ಮೊದಲು ಕಾಲಿಡುವ ಜಾಗಕ್ಕೆ ಮುಂಗಾರು ಕಾಲಿಡುವ ತಿಂಗಳಲ್ಲೇ ಹೋಗುವುದು! ಅಲ್ಲಿ ಮುಂಗಾರೂ ಸುರಿಯುತ್ತದೆ, ಹಿಂಗಾರೂ ಸುರಿಯುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಸಮುದ್ರ ಶಾಂತವಾಗಿರುವುದು ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ. ಕ್ರಿಸ್‌ಮಸ್, ಹೊಸ ವರ್ಷದ ವಾರಗಳಲ್ಲಿ ಪೇಟೆಯವರೆಲ್ಲ ಅಲ್ಲೇ ಇರುತ್ತಾರೆ, ರೂಮಿನ ಬೆಲೆ ಏರಿರುತ್ತದೆ. ನಮಗೂ ಆಗ ರಾಗಿ ಕೊಯ್ಲು, ಕಣ, ಮಲೆನಾಡಿನ ಕಡೆ ಅಡಿಕೆ ಸುಗ್ಗಿ. ಸಂಕ್ರಾಂತಿ ಕಳೆದು, ಕಣ ಎತ್ತಿ ಮುಗಿದ ಮೇಲೆ ಫೆಬ್ರವರಿ ಮತ್ತು ಮಾರ್ಚ್ ಮೊದಲ ವಾರ ಹಳ್ಳಿಯವರಿಗೆ ಹೇಳಿ ಮಾಡಿಸಿದ ಸಮಯ. ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಯವರು ಮಾತ್ರ ಬೇರೆ ಲೆಕ್ಕ ಹಾಕಬೇಕು.

ಇನ್ನು ಆ ಪಟ್ಟಿಗೆ ಬರೋಣ. ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲ ದಿನ ಪೋರ್ಟ್ ಬ್ಲೇರ್‌ಗೆ ಇಳಿದು ಸೆಲ್ಯುಲರ್ ಜೈಲು. 2024ರಿಂದ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ, ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ. ಎರಡನೇ ದಿನ ರಾಸ್ ದ್ವೀಪ ಮತ್ತು ನಾರ್ತ್ ಬೇ. ಮೂರನೇ ದಿನ ಹ್ಯಾವ್ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪ. ನಾಲ್ಕನೇ ದಿನ ನೀಲ್, ಅಂದರೆ ಶಹೀದ್ ದ್ವೀಪ. ಐದನೇ ದಿನ ಬೆಳಗಿನ ಜಾವ ಎದ್ದು ಬಾರಾಟಾಂಗ್. ಆರನೇ ದಿನ ವಿಮಾನ.

ಕಾಗದದ ಮೇಲೆ ಚೆನ್ನಾಗಿದೆ. ಗಂಟೆ ಲೆಕ್ಕ ಹಾಕಿ ನೋಡಿ. ದ್ವೀಪದಿಂದ ದ್ವೀಪಕ್ಕೆ ಹೋಗುವುದು ಎಂದರೆ ಶಿವಮೊಗ್ಗದಿಂದ ಭದ್ರಾವತಿಗೆ ಬಸ್ ಹತ್ತಿದ ಹಾಗಲ್ಲ. ರೂಮು ಖಾಲಿ ಮಾಡಬೇಕು, ಚೀಲ ಕಟ್ಟಬೇಕು, ಒಂದು ಗಂಟೆ ಮುಂಚೆ ಜೆಟ್ಟಿಯಲ್ಲಿ ಇರಬೇಕು, ಗುರುತಿನ ಚೀಟಿ ತೋರಿಸಿ ಸಾಲಿನಲ್ಲಿ ನಿಲ್ಲಬೇಕು, ಒಂದೂವರೆಯಿಂದ ಎರಡೂವರೆ ಗಂಟೆ ಹಡಗಿನಲ್ಲಿ ಕೂರಬೇಕು, ಇಳಿದು ಗಾಡಿ ಹುಡುಕಿ ಮತ್ತೆ ರೂಮಿಗೆ ಹೋಗಬೇಕು. ಇದರಲ್ಲಿ ಅರ್ಧ ದಿನ ಹೋಯಿತು. ಜೊತೆಗೆ ಇನ್ನೊಂದು ಸಂಗತಿ ಏಜೆಂಟ್ ಹೇಳುವುದಿಲ್ಲ. ಅಂಡಮಾನ್ ನಮಗಿಂತ ತುಂಬ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನ ಎರಡಕ್ಕೆ ರೂಮು ಸೇರಿ, ಊಟ ಮಾಡಿ, ಒಂದು ಮಲಗು ಹಾಕಿ ಎದ್ದರೆ ಕತ್ತಲು.

ಇದೇ ವಿಷಯದಲ್ಲಿ ಹಳ್ಳಿಯವರಿಗೆ ಒಂದು ವರವೂ ಇದೆ. ಬೆಳಗ್ಗೆ ಐದೂವರೆ ಹೊತ್ತಿಗೆ ಅಲ್ಲಿ ಬೆಳಕು ಹರಿದಿರುತ್ತದೆ. ಪೇಟೆಯವರು ಒಂಬತ್ತಕ್ಕೆ ಎದ್ದು ತಿಂಡಿಗೆ ಸಾಲು ನಿಲ್ಲುವ ಹೊತ್ತಿಗೆ, ಐದಕ್ಕೆ ಏಳುವ ಅಭ್ಯಾಸ ಇರುವ ನೀವು ಖಾಲಿ ಕಡಲತೀರದಲ್ಲಿ ಮೂರು ಗಂಟೆ ಕಳೆದಿರಬಹುದು. ಪಟ್ಟಿಯನ್ನು ಈ ಬೆಳಗಿನ ಸುತ್ತ ಕಟ್ಟಿ. ಮಧ್ಯಾಹ್ನ ಬಿಸಿಲಿಗೆ ಮಲಗಿ, ಮೂರಕ್ಕೆ ಎದ್ದು ಸೂರ್ಯಾಸ್ತಕ್ಕೆ ಹೋಗಿ.

ನಮ್ಮ ಪ್ರಕಾರ ಹ್ಯಾವ್ಲಾಕ್, ನೀಲ್ ಎರಡರಲ್ಲಿ ಒಂದನ್ನು ಆರಿಸಿ, ಅಲ್ಲೇ ಮೂರು ರಾತ್ರಿ ಉಳಿಯಬೇಕು. ಹುಡುಗರು ಜಾಸ್ತಿ ಇರುವ ಗುಂಪಾದರೆ ಹ್ಯಾವ್ಲಾಕ್. ರಾಧಾನಗರ ಬೀಚ್ ಇರುವುದು ಅಲ್ಲೇ, ಸ್ಕೂಬಾ ಕಲಿಸುವವರೂ ಅಲ್ಲೇ ಹೆಚ್ಚು. ವಯಸ್ಸಾದವರು, ರೈತರು ಇರುವ ಗುಂಪಾದರೆ ನಮ್ಮ ಮತ ನೀಲ್‌ಗೆ. ಚಿಕ್ಕ ದ್ವೀಪ, ಹೆಚ್ಚು ಕಡಿಮೆ ಸಮತಟ್ಟು, ಸೈಕಲ್‌ನಲ್ಲೇ ಸುತ್ತಬಹುದು. ಅಂಡಮಾನ್‌ಗೆ ತರಕಾರಿ ಬೆಳೆದು ಕೊಡುವ ದ್ವೀಪ ಎಂದೇ ಅದಕ್ಕೆ ಹೆಸರು. ಈ ಎರಡೂ ದ್ವೀಪಗಳ ರೈತರಲ್ಲಿ ಬಹಳಷ್ಟು ಜನ ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಕುಟುಂಬಗಳವರು. ಕಾಡು ಕಡಿದು, ಭತ್ತ, ಬಾಳೆ, ತೆಂಗು, ಅಡಿಕೆ ಬೆಳೆದು ಊರು ಮಾಡಿಕೊಂಡವರು. ನಮ್ಮ ತೀರ್ಥಹಳ್ಳಿ, ಚನ್ನಗಿರಿ ಕಡೆಯವರು ಅಲ್ಲಿನ ಅಡಿಕೆ ತೋಟದ ಬೇಲಿ ಪಕ್ಕ ನಿಂತು ಎರಡು ಮಾತಾಡಿದರೆ ಸಿಗುವ ಸುಖ ಯಾವ ವಾಟರ್ ಬೈಕಿನಲ್ಲೂ ಸಿಗುವುದಿಲ್ಲ. ಇದಕ್ಕೆ ದುಡ್ಡಿಲ್ಲ, ಆದ್ದರಿಂದ ಏಜೆಂಟ್ ಪಟ್ಟಿಯಲ್ಲಿಲ್ಲ. ಹಿಂದಿ ಹರುಕು ಮುರುಕು ಬಂದರೂ ಸಾಕು. ಪೋರ್ಟ್ ಬ್ಲೇರ್‌ನಲ್ಲಂತೂ ತಮಿಳು, ತೆಲುಗು ಮಾತಾಡುವವರು ಬೇಕಾದಷ್ಟು ಸಿಗುತ್ತಾರೆ, ಕೋಲಾರ, ಬಳ್ಳಾರಿ ಕಡೆಯವರಿಗೆ ಮನೆಯಲ್ಲಿದ್ದ ಹಾಗೇ.

ನೀಲ್‌ನಲ್ಲಿ ಲಕ್ಷ್ಮಣಪುರದ ಹತ್ತಿರ ಸಮುದ್ರವೇ ಕೊರೆದ ಕಲ್ಲಿನ ಸೇತುವೆ ಇದೆ. ಅದನ್ನು ಹತ್ತಿರದಿಂದ ನೋಡಬೇಕೆಂದರೆ ಇಳಿತದ ಹೊತ್ತಿಗೆ ಹೋಗಬೇಕು. ಉಬ್ಬರ, ಇಳಿತದ ಸಮಯ ದಿನದಿನಕ್ಕೂ ಬದಲಾಗುತ್ತದೆ. ಹಿಂದಿನ ರಾತ್ರಿ ಹೋಟೆಲಿನವರನ್ನು ಕೇಳಿ ಇಟ್ಟುಕೊಳ್ಳಿ. ‘ಹನ್ನೊಂದಕ್ಕೆ ನ್ಯಾಚುರಲ್ ಬ್ರಿಜ್’ ಎಂದು ತಿಂಗಳ ಮುಂಚೆ ಅಚ್ಚು ಹಾಕಿದ ಪಟ್ಟಿಗೆ ಸಮುದ್ರ ಬಗ್ಗುವುದಿಲ್ಲ.

ಪೋರ್ಟ್ ಬ್ಲೇರ್‌ನಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ, ಒಂದು ಬಂದಾಗ, ಇನ್ನೊಂದು ಹೊರಡುವ ಮುಂಚೆ. ಈ ಕೊನೆಯ ರಾತ್ರಿಯನ್ನು ಯಾರು ಏನೇ ಹೇಳಿದರೂ ಬಿಡಬೇಡಿ. ಗಾಳಿ ಎದ್ದರೆ ದ್ವೀಪಗಳ ನಡುವಿನ ಹಡಗು ನಿಲ್ಲುತ್ತದೆ, ನಿಮ್ಮ ವಿಮಾನ ನಿಮಗಾಗಿ ಕಾಯುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತದ ಹವಾಮಾನಕ್ಕೆ ಸಿಕ್ಕಿ ಹ್ಯಾವ್ಲಾಕ್, ನೀಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಲುಕಿದ್ದರು. ನೌಕಾಪಡೆ ಹೋಗಿ ಕರೆತರಬೇಕಾಯಿತು.

ಸೆಲ್ಯುಲರ್ ಜೈಲಿಗೆ ಅರ್ಧ ದಿನವಾದರೂ ಕೊಡಿ. ಪ್ಯಾಕೇಜಿನವರು ಒಂದು ಗಂಟೆಯಲ್ಲಿ ಓಡಿಸುತ್ತಾರೆ. 1906ರಲ್ಲಿ ಕಟ್ಟಿ ಮುಗಿಸಿದ ಆ ಜೈಲಿಗೆ ಏಳು ಸಾಲುಗಳಿದ್ದವು, ಈಗ ಮೂರು ಉಳಿದಿವೆ. ಏಳುನೂರರ ಹತ್ತಿರ ಕೋಣೆ, ಒಂದೊಂದೂ ಹದಿಮೂರೂವರೆ ಅಡಿಗೆ ಏಳೂವರೆ ಅಡಿ, ಒಬ್ಬರಿಗೆ ಒಂದು. ಎತ್ತು ಕಟ್ಟಿ ತಿರುಗಿಸುವ ಗಾಣಕ್ಕೆ ಅಲ್ಲಿ ಮನುಷ್ಯರನ್ನು ಕಟ್ಟಿ ಎಣ್ಣೆ ತೆಗೆಸುತ್ತಿದ್ದರು, ದಿನಕ್ಕೆ ಇಷ್ಟು ಎಂದು ಅಳತೆ ಹಾಕಿ. ಗಾಣ ಕಂಡ ನಮ್ಮ ಹಿರಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸಮಯ ಮಿಕ್ಕರೆ ಚಾಥಮ್ ಸಾಮಿಲ್ ನೋಡಿ, 1883ರಲ್ಲಿ ಶುರುವಾದದ್ದು. ಮರದ ಕೆಲಸ ಬಲ್ಲವರಿಗೆ ಬಹಳ ಇಷ್ಟವಾಗುತ್ತದೆ.

ಈಗ ಬಾರಾಟಾಂಗ್. ಇದನ್ನು ಪಟ್ಟಿಯಿಂದ ಹೊಡೆದು ಹಾಕಿ ಎಂದು ನಾವು ನೇರವಾಗಿ ಹೇಳುತ್ತೇವೆ. ಸುಣ್ಣಕಲ್ಲಿನ ಗುಹೆ ತೋರಿಸುತ್ತೇವೆ ಎಂದು ಕರೆದೊಯ್ಯುವ ಆ ರಸ್ತೆ ಜಾರವಾ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಇಡೀ ಲೋಕದಲ್ಲಿ ಕೆಲವೇ ನೂರು ಜನ ಇರುವ ಸಮುದಾಯ ಅದು. ತೊಂಬತ್ತರ ದಶಕದ ಕೊನೆಯವರೆಗೆ ಹೊರಗಿನವರ ಹತ್ತಿರ ಬರದೇ ಇದ್ದವರು. ಬಂದ ಒಂದೆರಡು ವರ್ಷದಲ್ಲೇ, 1999ರಲ್ಲಿ, ಅವರಲ್ಲಿ ದಡಾರ ಹಬ್ಬಿತು. ಪ್ರವಾಸಿಗರ ಎದುರು ಜಾರವಾ ಹೆಣ್ಣುಮಕ್ಕಳನ್ನು ತಿನ್ನುವ ಆಸೆ ತೋರಿಸಿ ಕುಣಿಸಿದ ವೀಡಿಯೊ 2012ರಲ್ಲಿ ಹೊರಬಂದು ದೇಶವೇ ತಲೆ ತಗ್ಗಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಪ್ರವಾಸಿಗರ ಓಡಾಟವನ್ನು ಸ್ವಲ್ಪ ಕಾಲ ತಡೆದದ್ದೂ ಉಂಟು. ಈಗ ಗಾಡಿಗಳನ್ನು ಸಾಲಾಗಿ ಬಿಡುತ್ತಾರೆ, ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ. 1956ರ ಕಾಯ್ದೆಯೇ ಇದೆ. ಆದರೂ ಕೆಲವರು ‘ದಾರಿಯಲ್ಲಿ ಕಾಡುಜನ ಕಾಣಿಸ್ತಾರೆ’ ಎಂದು ಪಿಸುಮಾತಿನಲ್ಲಿ ಮಾರುತ್ತಾರೆ.

ನಮ್ಮದೇ ಎಚ್.ಡಿ. ಕೋಟೆಯ ಹಾಡಿಗೆ, ನಮ್ಮದೇ ತಾಂಡಾ, ಹಟ್ಟಿಗಳಿಗೆ ಗಾಡಿ ಮಾಡಿಕೊಂಡು ಬಂದು ಕಿಟಕಿಯಿಂದ ಮೊಬೈಲ್ ಹಿಡಿದರೆ ನಮಗೆ ಹೇಗಾಗುತ್ತದೆ? ಅದಕ್ಕೆ ಬೆಳಗಿನ ಜಾವ ಎದ್ದು, ಹೋಗಿ ಬರುವ ಇಡೀ ದಿನ ಗಾಡಿಯಲ್ಲಿ ಕೂತು, ದುಡ್ಡನ್ನೂ ಕೊಡಬೇಕೆ? ಆ ದ್ವೀಪಗಳ ಮೂಲ ಜನರ ಬಗ್ಗೆ ತಿಳಿಯಬೇಕು ಅನ್ನಿಸಿದರೆ ಪೋರ್ಟ್ ಬ್ಲೇರ್‌ನಲ್ಲೇ ಮಾನವಶಾಸ್ತ್ರ ವಸ್ತುಸಂಗ್ರಹಾಲಯ ಇದೆ. ಸುಣ್ಣಕಲ್ಲು ನೋಡಬೇಕೆಂದರೆ ಯಾಣಕ್ಕೆ ಹೋಗಿ.

ಹೀಗೆ ಎರಡು ಜಾಗ ಹೊಡೆದು ಹಾಕಿದ ಮೇಲೆ ಉಳಿದ ಸಮಯವನ್ನು ನೀರಿಗೆ ಕೊಡಬಹುದು. ನೀರಿನ ವಿಷಯ ಬಂದಾಗ ನಾವು ಸ್ವಲ್ಪ ನಿಧಾನವಾಗಿ ಮಾತಾಡಬೇಕು.

ಒಳನಾಡಿನ ನಮಗೆ ಕೆರೆ ಗೊತ್ತು, ಬಾವಿ ಗೊತ್ತು, ಕಾಲುವೆ ಗೊತ್ತು. ಸಮುದ್ರ ಗೊತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಬಾವಿಯಲ್ಲಿ ಈಜುವವನಿಗೂ ಕಡಲಿನ ಸೆಳೆತ ಅರ್ಥವಾಗುವುದಿಲ್ಲ. ದಡಕ್ಕೆ ಬಂದ ಅಲೆಯ ನೀರು ವಾಪಸು ಹೋಗಲು ಒಂದು ಓಣಿ ಮಾಡಿಕೊಂಡಿರುತ್ತದೆ. ಸುತ್ತ ಅಲೆ ಒಡೆಯುತ್ತಿರುವಾಗ ಅಲ್ಲಿ ಮಾತ್ರ ನೀರು ಶಾಂತವಾಗಿ ಕಾಣುತ್ತದೆ, ನಮ್ಮವರು ‘ಇಲ್ಲಿ ಅಲೆ ಕಡಿಮೆ’ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದರೆ ಓಣಿ ಮುಗಿಯುತ್ತದೆ, ಆಮೇಲೆ ದಡಕ್ಕೆ ಬರಬಹುದು. ಈಜು ಬರದವರು ಮೊಣಕಾಲುದ್ದ ನೀರು ದಾಟಬೇಡಿ. ಜೀವರಕ್ಷಕರು ಇರುವ ಕಡೆ, ಬಾವುಟ ನೆಟ್ಟ ಗಡಿಯೊಳಗೆ ಮಾತ್ರ ಇಳಿಯಿರಿ. ಅಂಡಮಾನ್‌ನಲ್ಲಿ ಇನ್ನೊಂದು ಸಂಗತಿ ಇದೆ. ಉಪ್ಪುನೀರಿನ ಮೊಸಳೆ. ಹ್ಯಾವ್ಲಾಕ್‌ನಲ್ಲೇ 2010ರಲ್ಲಿ ಪ್ರವಾಸಿಯೊಬ್ಬರು ಅದಕ್ಕೆ ಬಲಿಯಾದರು. ಮೊಸಳೆ ಬೋರ್ಡ್ ಹಾಕಿದ್ದರೆ ಅದು ತಮಾಷೆಗಲ್ಲ. ಹಳ್ಳ ಬಂದು ಕಡಲು ಸೇರುವ ಕಡೆ, ಕತ್ತಲಾದ ಮೇಲೆ, ನೀರಿನ ಹತ್ತಿರವೇ ಹೋಗಬೇಡಿ.

ದೋಣಿಯ ವಿಷಯ ಇನ್ನೂ ಗಟ್ಟಿಯಾಗಿ ಹೇಳಬೇಕು. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಹತ್ತಿರ, ಪ್ರವಾಸಿಗರನ್ನು ಹೊತ್ತಿದ್ದ ದೋಣಿ ಮುಳುಗಿ 21 ಜನ ಸತ್ತರು. ಅನುಮತಿ ಇದ್ದದ್ದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ತುಂಬಿದ್ದರು. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಮದುವೆ ದಿಬ್ಬಣ ತುಂಬುವ ನಮಗೆ ‘ಇನ್ನೊಬ್ರು ಹತ್ತಿ, ಪರವಾಗಿಲ್ಲ’ ಎನ್ನುವುದು ಅಭ್ಯಾಸ. ಆ ಅಭ್ಯಾಸವನ್ನು ಊರಲ್ಲೇ ಬಿಟ್ಟು ಹೋಗಿ. ದೋಣಿಯಲ್ಲಿ ಎಷ್ಟು ಜನ ಕೂರಬಹುದು ಎಂದು ಬರೆದಿರುತ್ತದೆ, ಎಣಿಸಿ. ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ. ಸೆಕೆ, ವಾಸನೆ ಎಂದು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ಗುಂಪಿನಲ್ಲಿ ‘ನಾವು ಹತ್ತಲ್ಲ’ ಎಂದು ಹೇಳುವ ಧೈರ್ಯ ಇರುವ ಒಬ್ಬರನ್ನು ಮೊದಲೇ ಮುಖ್ಯಸ್ಥರನ್ನಾಗಿ ಮಾಡಿ. ಸಂಘದ ಅಧ್ಯಕ್ಷರೇ ಆಗಬೇಕಿಲ್ಲ, ಬಾಯಿ ಜೋರಿರುವವರು ಸಾಕು.

ಈಜು ಬಾರದವರಿಗೂ ನೀರಿನೊಳಗಿನ ಹವಳ ನೋಡುವ ದಾರಿ ಇದೆ. ತಳದಲ್ಲಿ ಗಾಜು ಹಾಕಿದ ದೋಣಿ ಇದೆ. ಗೈಡ್ ಹಿಡಿದ ರಿಂಗ್‌ಗೆ ಜೋತುಬಿದ್ದು, ಮುಖಕ್ಕೆ ಕನ್ನಡಕ ಹಾಕಿ ನೋಡುವ ಸ್ನಾರ್ಕೆಲಿಂಗ್ ಇದೆ. ಸ್ಕೂಬಾ ಮಾಡುವುದಾದರೆ ಆಸ್ತಮಾ, ಹೃದಯದ ತೊಂದರೆ, ಗರ್ಭಿಣಿ ಎಂಬುದನ್ನು ಮುಚ್ಚಿಡಬೇಡಿ, ಜೋರು ನೆಗಡಿ ಇದ್ದರೂ ಇಳಿಯಬೇಡಿ. ಸ್ಕೂಬಾ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಅಂದರೆ ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. ಪಟ್ಟಿ ಮಾಡುವಾಗಲೇ ಈ ಲೆಕ್ಕ ಬೇಕು. ಹವಳದ ಮೇಲೆ ಕಾಲಿಡಬೇಡಿ, ಅದು ಕಲ್ಲಲ್ಲ, ಜೀವ ಇರುವ ಪ್ರಾಣಿಗಳ ಗೂಡು. 2010ರಲ್ಲಿ ಸಮುದ್ರದ ನೀರು ಬಿಸಿಯಾಗಿ ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬೆಳ್ಳಗಾಗಿ ಸತ್ತಿದೆ.

ಸಾಧ್ಯವಾದರೆ ಹೊರಡುವ ಒಂದೆರಡು ತಿಂಗಳ ಮುಂಚೆ ಇಡೀ ಗುಂಪು ಒಮ್ಮೆ ಮಲ್ಪೆಗೆ ಹೋಗಿ, ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪ ನೋಡಿ ಬನ್ನಿ. ಅರ್ಧ ಗಂಟೆಯೊಳಗಿನ ದಾರಿ. ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ಆರಿ ಆದ ಕಲ್ಲುಕಂಬಗಳನ್ನು ನೋಡಿದ ಹಾಗೂ ಆಯಿತು, ಯಾರಿಗೆ ದೋಣಿಯಲ್ಲಿ ವಾಂತಿ ಬರುತ್ತದೆ, ಯಾರಿಗೆ ಹೆದರಿಕೆ, ಯಾರು ಹೇಳಿದ ಮಾತು ಕೇಳುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಅಲ್ಲಿಗೆ ದೋಣಿ ಬಿಡುವುದಿಲ್ಲ.

ಇಷ್ಟಾದ ಮೇಲೆ ಚೀಲ. ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಳಗೆ ಹಾಕುವ ಚೀಲ 15 ಕಿಲೊ, ಕೈಚೀಲ 7 ಕಿಲೊ. ಟಿಕೆಟ್‌ನಲ್ಲಿ ಎಷ್ಟಿದೆ ನೋಡಿ, ಊರಿನ ತಕ್ಕಡಿಯಲ್ಲೇ ತೂಗಿ. ಆದರೆ 15 ಕಿಲೊ ಬಿಟ್ಟಿದ್ದಾರೆ ಎಂದು 15 ಕಿಲೊ ತುಂಬಬೇಕಿಲ್ಲ. ಜೆಟ್ಟಿಯಲ್ಲಿ ಅದನ್ನು ಹೊರುವವರು ನೀವೇ. ಎಂಟು ಕಿಲೊ ಸಾಕು ಎಂಬುದು ನಮ್ಮ ಲೆಕ್ಕ.

ಅಲ್ಲಿನ ಗಾಳಿಯಲ್ಲಿ ತೇವ ಜಾಸ್ತಿ. ದಪ್ಪ ಟವೆಲ್, ಜೀನ್ಸ್ ಒಗೆದರೆ ಎರಡು ದಿನಕ್ಕೂ ಒಣಗುವುದಿಲ್ಲ. ತೆಳು ಬಟ್ಟೆ, ತೆಳು ಪಂಚೆ ತೆಗೆದುಕೊಳ್ಳಿ. ಸೀರೆ ಉಟ್ಟು ನೀರಿಗೆ ಇಳಿಯಬೇಡಿ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡು, ಅಲೆ ಎಳೆಯುವಾಗ ಏಳಲು ಬಿಡುವುದಿಲ್ಲ. ಒಂದು ಚೂಡಿದಾರ ನೀರಿಗೆಂದೇ ಇಟ್ಟುಕೊಳ್ಳಿ, ದುಪಟ್ಟಾ ರೂಮಿನಲ್ಲಿರಲಿ. ‘ಈ ವಯಸ್ಸಲ್ಲಿ ಚೂಡಿದಾರನಾ’ ಎಂದು ನಗುವ ಅತ್ತೆ, ನಾದಿನಿಯರಿಗೆ ಇದನ್ನು ಓದಿ ಹೇಳಿ. ತುಂಬು ತೋಳಿನ ಬಟ್ಟೆ ಹಾಕಿದರೆ ಬಿಸಿಲಿಗೆ ಹಚ್ಚುವ ಕ್ರೀಮ್ ಕಡಿಮೆ ಸಾಕು. ಆ ಕ್ರೀಮುಗಳಲ್ಲಿನ ಕೆಲವು ರಾಸಾಯನಿಕ ಹವಳಕ್ಕೆ ಕೇಡು ಎಂದು ಹವಾಯಿ, ಪಲಾವು ದ್ವೀಪಗಳಲ್ಲಿ ನಿಷೇಧವೇ ಇದೆ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಹವಾಯಿ ಚಪ್ಪಲಿ ಅಲೆಯಲ್ಲಿ ಹೋಗುತ್ತದೆ, ಚರ್ಮದ್ದು ಹಾಳಾಗುತ್ತದೆ.

ಚಿನ್ನ ಬೇಡ. ಮದುವೆಗೆ ಹೋಗುತ್ತಿಲ್ಲ ನೀವು. ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರಿದರೆ ಮರಳಿನಲ್ಲಿ ಸಿಗುವುದಿಲ್ಲ.

ಮಾತ್ರೆಗಳು ಕೈಚೀಲದಲ್ಲೇ ಇರಲಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಆರು ದಿನದ ಪ್ರವಾಸಕ್ಕೆ ಹತ್ತು ದಿನದ ಮಾತ್ರೆ, ಡಾಕ್ಟರ ಚೀಟಿಯ ಸಮೇತ. ಇನ್ಸುಲಿನ್ ಒಳಗೆ ಹಾಕುವ ಚೀಲಕ್ಕೆ ಕೊಡಬೇಡಿ, ತುಂಬ ತಣ್ಣಗಾದರೆ ಕೆಡುತ್ತದೆ. ಹಡಗಿನ ವಾಂತಿಗೆ ಯಾವ ಮಾತ್ರೆ, ಎಷ್ಟು ಹೊತ್ತು ಮುಂಚೆ ಎಂದು ನಿಮ್ಮ ಡಾಕ್ಟರನ್ನೇ ಕೇಳಿ ತನ್ನಿ, ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಓಆರ್‌ಎಸ್ ಪುಡಿ, ಸೊಳ್ಳೆ ಕ್ರೀಮ್ ಮರೆಯಬೇಡಿ. ದೊಡ್ಡ ಆಸ್ಪತ್ರೆ ಇರುವುದು ಪೋರ್ಟ್ ಬ್ಲೇರ್‌ನಲ್ಲಿ, ಚಿಕ್ಕ ದ್ವೀಪದಿಂದ ಅಲ್ಲಿಗೂ ಹಡಗೇ ಹತ್ತಬೇಕು.

ಬುತ್ತಿಯ ವಿಷಯದಲ್ಲಿ ಜಗಳವಾಗುವುದು ಖಂಡಿತ. ಒಣ ಜೋಳದ ರೊಟ್ಟಿ, ಅವಲಕ್ಕಿ, ಹುರಿಹಿಟ್ಟು ತೆಗೆದುಕೊಂಡು ಹೋಗಿ, ತಪ್ಪಿಲ್ಲ. ಚಟ್ನಿಪುಡಿ, ಖಾರದಪುಡಿ, ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ, ಒಳಗೆ ಹಾಕುವ ಚೀಲದಲ್ಲಿ ಗಟ್ಟಿಯಾಗಿ ಕಟ್ಟಿ ಇಡಿ. ಒಣ ಕೊಬ್ಬರಿ ಮಾತ್ರ ಬೇಡವೇ ಬೇಡ. ಎಣ್ಣೆ ಇರುವ ಕೊಬ್ಬರಿ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು ಎಂದು ಅದನ್ನು ಅಪಾಯದ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ತಿಪಟೂರಿನವರಿಗೆ ಇದು ಅವಮಾನ ಅನ್ನಿಸಬಹುದು, ಏನು ಮಾಡುವುದು! ಅಜ್ಜಿಯ ಎಲೆಅಡಿಕೆ ಚೀಲವನ್ನೂ ಹಿಂದಿನ ದಿನವೇ ನೋಡಿ. ಅಡಕತ್ತರಿ ಒಳಗಿದ್ದರೆ ಕೈಚೀಲದಲ್ಲಿ ಬಿಡುವುದಿಲ್ಲ. ಬೆಂಕಿಪೊಟ್ಟಣ, ಲೈಟರ್ ಬೇಡ. ಇದಕ್ಕೆ ತಿರುಗಾಮುರುಗಾ ಪವರ್ ಬ್ಯಾಂಕ್, ಅದು ಕೈಚೀಲದಲ್ಲೇ ಇರಬೇಕು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹೆಸರು. ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಟಿಕೆಟ್ ಮಾಡಿಸುವಾಗ ಫೋನಿನಲ್ಲಿ ಹೇಳಿದ್ದು ಮತ್ತೊಂದು. ಊರಲ್ಲಿ ಇದು ನಡೆಯುತ್ತದೆ, ವಿಮಾನ ನಿಲ್ದಾಣದ ಬಾಗಿಲಲ್ಲಿ ನಡೆಯುವುದಿಲ್ಲ. ಆಧಾರ್ ಫೋಟೊ ಕಳಿಸಿ, ಅದರಲ್ಲಿದ್ದ ಹಾಗೇ ಟಿಕೆಟ್ ಮಾಡಿಸಿ. ‘ಟಿಕೆಟ್ ಆಗಿದೆ ಅಕ್ಕಾ’ ಎಂದು ಏಜೆಂಟ್ ಹೇಳಿದರೆ ಪಿಎನ್‌ಆರ್ ನಂಬರ್ ಕೇಳಿ, ಊರಿನ ಓದಿದ ಹುಡುಗ ಹುಡುಗಿಯರ ಕೈಲಿ ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿಸಿ, ಆಮೇಲೆ ಬಾಕಿ ದುಡ್ಡು ಕೊಡಿ. ಮೂಲ ಆಧಾರ್ ಜೊತೆ ನಾಲ್ಕು ಜೆರಾಕ್ಸ್ ಇರಲಿ. ನಗದೂ ಬೇಕು. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಹಾಕಿದ ಮೇಲೆ ಅಲ್ಲಿ ಇಂಟರ್‌ನೆಟ್ ಸುಧಾರಿಸಿದೆ, ಆದರೆ ಚಿಕ್ಕ ದ್ವೀಪದ ಅಂಗಡಿಯ ಮುಂದೆ ಫೋನ್‌ಪೇ ತಿರುಗುತ್ತಲೇ ಇದ್ದರೆ ಹೊಟ್ಟೆ ತುಂಬುವುದಿಲ್ಲ.

ಪೇಟೆಯ ಪ್ರವಾಸಿಗರ ಪಟ್ಟಿಯಲ್ಲಿ ಇಲ್ಲದ ಒಂದು ಸಂಗತಿ ನಮ್ಮ ಪಟ್ಟಿಯಲ್ಲಿದೆ: ಹಸು ಕರೆಯುವವರು ಯಾರು? ಹೆಂಗಸರ ಪ್ರವಾಸ ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ. ಗಂಡಸರು ಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ, ಹೆಂಗಸರು ಕೊನೇ ಗಳಿಗೆಯವರೆಗೂ ಹಿಂಡಿ ಎಲ್ಲಿದೆ, ಕೋಳಿ ಯಾವಾಗ ಮುಚ್ಚಬೇಕು ಎಂದು ಹೇಳುತ್ತಿರುತ್ತಾರೆ. ಆರು ದಿನ ಕೊಟ್ಟಿಗೆ ನೋಡಿಕೊಳ್ಳುವವರಿಗೆ ಕೂಲಿ ಕೊಡಿ, ಆ ದುಡ್ಡನ್ನು ಪ್ರವಾಸದ ಖರ್ಚಿಗೇ ಸೇರಿಸಿ ಲೆಕ್ಕ ಬರೆಯಿರಿ. ‘ಅತ್ತಿಗೆ ನೋಡ್ಕೋತಾಳೆ ಬಿಡು’ ಎಂದು ಇನ್ನೊಬ್ಬ ಹೆಂಗಸಿನ ತಲೆಗೆ ಬಿಟ್ಟಿಯಾಗಿ ಕಟ್ಟಬೇಡಿ. ನಾಲ್ಕು ದಿನ ಮುಂಚಿನಿಂದ ಅವರೇ ಬಂದು ಕರೆಯಲಿ, ಹಸುವಿಗೂ ಕೈ ಅಭ್ಯಾಸವಾಗಬೇಕು.

ವಾಪಸು ಬರುವ ಹಿಂದಿನ ರಾತ್ರಿ ಮಕ್ಕಳ ಜೇಬು, ಪ್ಯಾಂಟಿನ ಮಡಿಕೆ, ಚಪ್ಪಲಿಯ ಕವರ್ ಎಲ್ಲ ಒಮ್ಮೆ ಜಾಡಿಸಿ. ದಡದಲ್ಲಿ ಬಿದ್ದಿದ್ದ ಹವಳದ ತುಂಡು, ಚಿಪ್ಪು ‘ದೇವರ ಮನೆಗೆ ಚೆನ್ನಾಗಿರುತ್ತೆ’ ಎಂದು ಎತ್ತಿಟ್ಟುಕೊಂಡಿರುತ್ತಾರೆ. ಸತ್ತ ಹವಳವಾದರೂ ತರುವ ಹಾಗಿಲ್ಲ, ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ವಿಮಾನ ನಿಲ್ದಾಣದ ಯಂತ್ರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಚಿಪ್ಪಿನ ವಸ್ತು ಬೇಕೇ ಬೇಕು ಎಂದರೆ ಪೋರ್ಟ್ ಬ್ಲೇರ್‌ನಲ್ಲಿ ಸಾಗರಿಕಾ ಎಂಬ ಸರ್ಕಾರಿ ಮಳಿಗೆ ಇದೆ. ಅಲ್ಲಿ ಕೊಂಡು, ಬಿಲ್ಲನ್ನು ಚೀಲದ ತಳದಲ್ಲಿ ಹಾಕದೆ ಕೈಯಲ್ಲಿಟ್ಟುಕೊಳ್ಳಿ. ಎತ್ತಿಕೊಂಡದ್ದನ್ನು ಮಕ್ಕಳ ಕೈಯಲ್ಲೇ ದಡದಲ್ಲಿ ಇಡಿಸಿ ಬನ್ನಿ. ಸನ್ಯಾಸಿ ಏಡಿಗೆ ಆ ಖಾಲಿ ಚಿಪ್ಪೇ ಮನೆ, ಅದು ಬೆಳೆದ ಹಾಗೆ ಇನ್ನೊಂದು ದೊಡ್ಡ ಚಿಪ್ಪು ಹುಡುಕುತ್ತಿರುತ್ತದೆ.